ಹಾಡುಗಾರನಿಗಾಗಿ ಅತ್ತಾಗ ನಗದೇ ಇದ್ದವರಿಗೆ

ಕಳೆದ ಬುಧವಾರ, 2017ರ ನವೆಂಬರ್ 22ರಂದು, ದ್ಮಿತ್ರಿ ಹ್ವೊರೊಸ್ತೊವ್‌ಸ್ಕಿ ಲಂಡನ್ನಿನಲ್ಲಿ ತೀರಿಕೊಂಡ. 55 ವರ್ಷ. ಮಿದುಳಿನಲ್ಲಿ ಗಡ್ಡೆ. 2015ರ ಜೂನ್‌ನಲ್ಲೇ ಅವನು ಎಲ್ಲರಿಗೂ ಹೇಳಿದ್ದ ಕಾಯಿಲೆ. ಆದರೂ ಸುದ್ದಿ ನೋಡಿ ನಾನು ಆಫೀಸಿನ ಪಾರ್ಕಿಂಗ್‌ನಲ್ಲಿ, ಕಾರಿನೊಳಗೆ ಕೂತು ಅರ್ಧ ಗಂಟೆ ಅತ್ತೆ. ನ್ಯೂಜೆರ್ಸಿಯ ನಮ್ಮ ಕನ್ನಡದವರ ವಾಟ್ಸಾಪ್ ಗುಂಪಿನಲ್ಲಿ ‘ಮನಸ್ಸು ಸರಿ ಇಲ್ಲ, ನಾಳೆ ಊಟಕ್ಕೆ ಬರಲ್ಲ’ ಅಂತಷ್ಟೇ ಹಾಕಿದೆ. ಯಾಕೆ ಅಂತ ಕೇಳಿದಾಗ ನಿಜ ಹೇಳಬೇಕಾಯಿತು. ರಷ್ಯಾದ ಒಬ್ಬ ಒಪೆರಾ ಹಾಡುಗಾರ ಸತ್ತುಹೋದ ಅಂತ. ಟೈಪ್ ಮಾಡುವಾಗಲೇ ನಾಚಿಕೆಯಾಯಿತು.

ನೀವು ಯಾರೂ ನಗಲಿಲ್ಲ. ಮರುದಿನ ಥ್ಯಾಂಕ್ಸ್‌ಗಿವಿಂಗ್, ಎಲ್ಲರೂ ಕೂಡಿ ಉಣ್ಣುವ ಅಮೆರಿಕದ ಹಬ್ಬ. ನಾನು ಊಟಕ್ಕೆ ಬರಲ್ಲ ಅಂದಿದ್ದಕ್ಕೆ ಊಟವನ್ನೇ ನಮ್ಮ ಮನೆಗೆ ಹೊತ್ತು ತಂದಿರಿ. ‘ಅವನ ಹಾಡು ಹಾಕಪ್ಪ, ಕೇಳೋಣ’ ಅಂದಿರಿ. ಎರಡು ಗಂಟೆ ಸುಮ್ಮನೆ ಕೂತು ಕೇಳಿದಿರಿ. ಕೆಲವರಿಗೆ ನಿದ್ದೆ ಬಂತು, ನಾನು ನೋಡಿದೆ, ಪರವಾಗಿಲ್ಲ. ಈ ಬರಹ ಅದಕ್ಕೆ.

ಒಪೆರಾ, ಅಂದರೆ ಹಾಡಿನಲ್ಲೇ ನಡೆಯುವ ಪಶ್ಚಿಮದ ನಾಟಕ, ನನಗೂ ಮೊದಲು ತಮಾಷೆಯೇ. ದಪ್ಪನೆಯ ಹೆಂಗಸರು ಕಿರುಚೋದು, ಸಾಯೋ ಮೊದಲು ಇಪ್ಪತ್ತು ನಿಮಿಷ ಹಾಡೋದು, ಅಷ್ಟೇ ಅಂದುಕೊಂಡಿದ್ದೆ. 2012ರ ಏಪ್ರಿಲ್‌ನಲ್ಲಿ ಆಫೀಸಿನ ಹಿರಿಯ ಸಹೋದ್ಯೋಗಿಯೊಬ್ಬರು ತಮ್ಮ ಟಿಕೆಟ್ ನನ್ನ ಕೈಗಿಟ್ಟರು. ಅವರಿಗೆ ಮಂಡಿ ನೋವು, ಮೆಟ್ಟಿಲು ಹತ್ತಲು ಆಗುತ್ತಿರಲಿಲ್ಲ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಒಪೆರಾದ (ಎಲ್ಲರ ಬಾಯಲ್ಲಿ ‘ಮೆಟ್’) ತುತ್ತತುದಿಯ ಸಾಲು, ಕೆಳಗೆ ನೋಡಿದರೆ ತಲೆ ತಿರುಗುತ್ತದೆ. ಅವತ್ತು ಇಟಲಿಯ ಸಂಗೀತಗಾರ ವೆರ್ಡಿಯ ಒಪೆರಾ ‘ಲಾ ತ್ರಾವಿಯಾತಾ’. ರಂಗದ ಮೇಲೆ ಬಿಳಿ ಗೋಡೆ, ಒಂದು ದೊಡ್ಡ ಗಡಿಯಾರ, ಜಾಸ್ತಿ ಏನೂ ಇಲ್ಲ. ಎರಡನೇ ಅಂಕದಲ್ಲಿ ಬೆಳ್ಳಿ ಕೂದಲಿನ ಒಬ್ಬ ಅಪ್ಪ ಬಂದ. ಆ ಪಾತ್ರದಲ್ಲಿ ಹ್ವೊರೊಸ್ತೊವ್‌ಸ್ಕಿ.

ಊರು ಬಿಟ್ಟು ಪ್ಯಾರಿಸ್ಸಿನಲ್ಲಿ ಉಳಿದುಬಿಟ್ಟ ಮಗನಿಗೆ ಅಪ್ಪ ಹಾಡುತ್ತಾನೆ. ಪ್ರೊವೆನ್ಸಿನ ಕಡಲನ್ನೂ ಮಣ್ಣನ್ನೂ ನಿನ್ನ ಎದೆಯಿಂದ ಅಳಿಸಿದ್ದು ಯಾರು ಅಂತ. ಮುಂದಿನ ಸೀಟಿನ ಬೆನ್ನಿಗೆ ಚಿಕ್ಕ ಪರದೆ ಇರುತ್ತದೆ, ಅರ್ಥ ಅದರಲ್ಲಿ ಹರಿಯುತ್ತದೆ. ನಾನು ಓದುವುದನ್ನು ಬಿಟ್ಟೆ. ನಮ್ಮಪ್ಪ ಒಂದು ದಿನವೂ ‘ವಾಪಸ್ ಬಾ’ ಅಂದವರಲ್ಲ. ಪ್ರತಿ ಭಾನುವಾರ ಅರಸೀಕೆರೆಯಿಂದ ಫೋನ್ ಮಾಡಿ, ‘ಈ ಸಲ ತೆಂಗು ಚೆನ್ನಾಗಿ ಬಿಟ್ಟಿದೆ’ ಅನ್ನುತ್ತಿದ್ದರು. ಅದರ ಅರ್ಥ ನನಗೆ ಗೊತ್ತಾಗಿದ್ದು ಅವತ್ತು, ಆ ತುದಿಯ ಸೀಟಿನಲ್ಲಿ.

ಇನ್ನೊಂದು ಸಂಗತಿ ಹೇಳಲೇಬೇಕು. ಆ ಸಭಾಂಗಣದಲ್ಲಿ ಸುಮಾರು 3,800 ಸೀಟು. ಹಾಡುಗಾರರಿಗೆ ಮೈಕ್ ಇಲ್ಲ. ಕೆಳಗೆ ದೊಡ್ಡ ವಾದ್ಯವೃಂದ ಬಾರಿಸುತ್ತಿರುತ್ತದೆ. ಪಳಗಿದ ಗಂಟಲು 3,000 ಹರ್ಟ್ಸ್ (ಸೆಕೆಂಡಿಗೆ 3,000 ಕಂಪನ) ಆಸುಪಾಸಿನಲ್ಲಿ ಬಲ ಕೂಡಿಸಿಕೊಳ್ಳುತ್ತದೆ. ಅಲ್ಲಿ ವಾದ್ಯಗಳ ಜೋರು ಕಡಿಮೆ, ಹಾಗಾಗಿ ದನಿ ಸಂದಿಯಲ್ಲಿ ತೂರಿ ಬರುತ್ತದೆ. ಇದನ್ನೆಲ್ಲ ಆಮೇಲೆ ಓದಿಕೊಂಡೆ. ಅವತ್ತು ಗೊತ್ತಾಗಿದ್ದು ಇಷ್ಟೇ: ಅಷ್ಟು ದೂರದಲ್ಲಿ ನಿಂತ ಮನುಷ್ಯನ ದನಿ ನನ್ನ ಕಿವಿಯ ಪಕ್ಕದಲ್ಲಿತ್ತು.

ಆ ಹಾಡನ್ನು ಅಪ್ಪನಿಗೆ ಫೋನಿನಲ್ಲಿ ಕೇಳಿಸಿದೆ. ಅಪ್ಪನಿಗೆ ದಮ್ಮು. ಭಜನೆಯಲ್ಲಿ ಒಂದು ಸಾಲು ಪೂರ್ತಿ ಹಾಡಲಾರದೆ ಹೋಗುವುದನ್ನೇ ಬಿಟ್ಟಿದ್ದರು. ಪೂರ್ತಿ ಕೇಳಿ, ‘ಇವನು ಉಸಿರು ಎಲ್ಲಿ ತಗೋತಾನೋ?’ ಅಂದರು. ಅದು ಹ್ವೊರೊಸ್ತೊವ್‌ಸ್ಕಿಯ ಹೆಸರಾದ ಗುಣ, ಮುಗಿಯದ ಉಸಿರು. 1989ರಲ್ಲಿ ಬ್ರಿಟನ್ನಿನ ಕಾರ್ಡಿಫ್ ಹಾಡುಗಾರಿಕೆ ಸ್ಪರ್ಧೆಯಲ್ಲಿ ವೇಲ್ಸಿನ ಹಾಡುಗಾರ ಬ್ರಿನ್ ಟೆರ್ಫೆಲ್‌ನಂಥವನ ಎದುರು ಗೆದ್ದಾಗಿನಿಂದ ಜನ ಅದನ್ನೇ ಮಾತಾಡುತ್ತಿದ್ದರು. ಅಪ್ಪನಿಗೆ ಅವನ ಹೆಸರು ಬಾಯಿಗೆ ಬರಲಿಲ್ಲ. ‘ನಿನ್ನ ಉಸಿರಿನವನು ಹೇಗಿದ್ದಾನೆ?’ ಅಂತ ಕೇಳುತ್ತಿದ್ದರು.

2015ರ ಅಕ್ಟೋಬರ್ 3ರಂದು ಇಲ್ಲೇ ನ್ಯೂಜೆರ್ಸಿಯ ಸಿನಿಮಾ ಥಿಯೇಟರಿನಲ್ಲಿ ಮೆಟ್‌ನಿಂದ ವೆರ್ಡಿಯದೇ ‘ಇಲ್ ತ್ರೊವಾತೊರೆ’ ನೇರಪ್ರಸಾರ ನೋಡಿದೆ. ಹ್ವೊರೊಸ್ತೊವ್‌ಸ್ಕಿ ಚಿಕಿತ್ಸೆಯ ನಡುವೆ ಬಿಡುವು ಮಾಡಿಕೊಂಡು ಮೂರೇ ಪ್ರದರ್ಶನಕ್ಕೆ ಬಂದಿದ್ದ. ಪಾತ್ರ ಖಳನದ್ದು, ಆದರೆ ಜನ ಅವನನ್ನು ಕಂಡ ಕೂಡಲೇ ಚಪ್ಪಾಳೆ ನಿಲ್ಲಿಸಲಿಲ್ಲ. ಆ ಸಲ ಪರದೆ ಬಿದ್ದ ಮೇಲೆ ವಾದ್ಯಗಾರರು ಕೆಳಗಿನಿಂದ ಅವನತ್ತ ಬಿಳಿ ಗುಲಾಬಿ ಎಸೆದಿದ್ದರು. ಅಪ್ಪನಿಗೆ ಹೇಳಿದೆ. ‘ಪಾಪ, ಸಣ್ಣ ವಯಸ್ಸು’ ಅಂದರು.

ಈ ವರ್ಷ ಮಾರ್ಚ್‌ನಲ್ಲಿ ಅಪ್ಪ ಹೋದರು. ನಾನು ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು. ಪುರೋಹಿತರ ಪಟ್ಟಿ, ಬ್ಯಾಂಕಿನ ಸಹಿ, ತಿಥಿ ಊಟದ ಲೆಕ್ಕ. ಅಳುವುದಕ್ಕೆ ಬಿಡುವೇ ಸಿಗಲಿಲ್ಲ, ಅಥವಾ ಬರಲಿಲ್ಲ.

ಮೇ 7ಕ್ಕೆ ಮೆಟ್ ಈಗಿನ ಕಟ್ಟಡಕ್ಕೆ ಬಂದು 50 ವರ್ಷವಾದ ಸಂಭ್ರಮ. ಅದೇ ಸಹೋದ್ಯೋಗಿ, ಅದೇ ಮಂಡಿ, ಮತ್ತೆ ಒಂದು ಟಿಕೆಟ್. ಅಪ್ಪ ಹೋದ ವರ್ಷ ಸಂಭ್ರಮಕ್ಕೆ ಹೋಗಬಹುದಾ ಅಂತ ಅಮ್ಮನನ್ನು ಕೇಳಿದೆ. ‘ಹೋಗಿ ಬಾರೋ, ಅವರಿದ್ದಿದ್ರೆ ಕಳಿಸ್ತಿದ್ರು’ ಅಂದಳು. ಹ್ವೊರೊಸ್ತೊವ್‌ಸ್ಕಿ ಹಾಡುತ್ತಾನೆ ಅಂತ ಯಾರಿಗೂ ಗೊತ್ತಿರಲಿಲ್ಲ. ಮೈ ಸಮತೋಲ ತಪ್ಪುತ್ತದೆ ಅಂತ ಅವನು ಹಿಂದಿನ ಡಿಸೆಂಬರಿನಲ್ಲೇ ಒಪೆರಾ ಬಿಟ್ಟಿದ್ದ. ಹೆಸರು ಹೇಳಿದ್ದೇ ತಡ, ಇಡೀ ಸಭೆ ಎದ್ದು ನಿಂತಿತು. ಹಾಡಿದ್ದು ವೆರ್ಡಿಯ ಒಪೆರಾ ‘ರಿಗೊಲೆತ್ತೊ’ದ ಅಪ್ಪನ ಹಾಡು. ಮಗಳನ್ನು ಹೊತ್ತೊಯ್ದ ಆಸ್ಥಾನದವರನ್ನು ಮೊದಲು ಬೈಯುತ್ತಾನೆ, ಆಮೇಲೆ ಸೋತು ಬೇಡುತ್ತಾನೆ. ಬೇಡುವಾಗ ಜೊತೆಗೆ ಒಂಟಿ ಚೆಲ್ಲೊ, ಪಿಟೀಲಿನ ಜಾತಿಯ ದೊಡ್ಡ ವಾದ್ಯ. ಪಕ್ಕದ ಅಪರಿಚಿತ ಅಜ್ಜಿ ನನ್ನ ಕೈ ಹಿಡಿದುಕೊಂಡರು. ಮನೆಗೆ ಬಂದು ಅಭ್ಯಾಸದಂತೆ ಅಪ್ಪನ ನಂಬರ್ ಒತ್ತಿದೆ.

ಕಳೆದ ಶುಕ್ರವಾರ ಮೆಟ್‌ನಲ್ಲಿ ವೆರ್ಡಿಯ ‘ರೆಕ್ವಿಯೆಮ್’ ಇತ್ತು. ಮೊದಲೇ ಗೊತ್ತುಮಾಡಿದ್ದ ಕಾರ್ಯಕ್ರಮ, ಅವನ ಹೆಸರಿಗೆ ಅರ್ಪಿಸಿದರು. ವೇಷವಿಲ್ಲ, ಕಥೆಯಿಲ್ಲ, ಸತ್ತವರಿಗಾಗಿ ಪ್ರಾರ್ಥನೆ ಮಾತ್ರ. ನಿಮ್ಮಲ್ಲಿ ಇಬ್ಬರು ಜೊತೆಗೆ ಬಂದಿರಿ. ಇನ್ನೊಬ್ಬರು ನಮ್ಮ ಮಗಳನ್ನು ನೋಡಿಕೊಂಡಿರಿ. ಅಮ್ಮನಿಗೆ ಫೋನ್ ಮಾಡಿ ಹೇಳಿದಾಗ, ‘ಉಸಿರಿನವನಾ?’ ಅಂತ ಕೇಳಿ ಸ್ವಲ್ಪ ಹೊತ್ತು ಸುಮ್ಮನಾದಳು. ಆಮೇಲೆ ನಾವಿಬ್ಬರೂ ಅಪ್ಪನ ಬಗ್ಗೆ ಮಾತಾಡಿದೆವು, ಮಾರ್ಚ್ ಆದ ಮೇಲೆ ಮೊದಲ ಸಲ, ತುಂಬ ಹೊತ್ತು.

ಟಿಕೆಟ್ ಕೊಟ್ಟವರಿಗೆ, ಕೈ ಹಿಡಿದವರಿಗೆ, ಊಟ ತಂದವರಿಗೆ, ನಿದ್ದೆ ಬಂದರೂ ಎದ್ದು ಹೋಗದವರಿಗೆ, ತುಂಬ ಥ್ಯಾಂಕ್ಸ್. ಬಿಸಿಬೇಳೆಬಾತ್ ತಂದಿದ್ದ ದೊಡ್ಡ ಸ್ಟೀಲ್ ಪಾತ್ರೆ ನಮ್ಮಲ್ಲೇ ಉಳಿದಿದೆ. ತಳದಲ್ಲಿ ‘ಸ’ ಅಂತ ಕೊರೆದಿದೆ. ಯಾರದ್ದು ಹೇಳಿ, ಶನಿವಾರ ತಂದುಕೊಡುತ್ತೇನೆ.