ಆ ರಾತ್ರಿ ಪಾಳಿಯ ಸಿಸ್ಟರ್‌ಗೆ

ಕುಂಬಳೆಯಿಂದ ಮಂಗಳೂರಿಗೆ ಒಯ್ದ ನಮ್ಮ ಎಳೆಗೂಸಿಗೆ ಫಿಟ್ಸ್ ನಿಂತಿತ್ತು, ಮುಂದೆ ಮಗುವಿನ ಬೆಳವಣಿಗೆಗೆ ತೊಂದರೆಯಾದೀತೇ ಎಂಬ ನಮ್ಮ ಭಯ ನಿಂತಿರಲಿಲ್ಲ. ಐಸಿಯು ಬಾಗಿಲಲ್ಲಿ ಮಾಸ್ಕ್ ಇಳಿಸಿ, ನಮ್ಮತ್ತೆಗೆ ನಮ್ಮ ಕಡೆಯ ಕನ್ನಡದಲ್ಲೇ ಬಿಡಿಸಿ ಹೇಳಿದಿರಿ: ಎಷ್ಟು ಸಲ ಬಂತು ಎನ್ನುವುದಕ್ಕಿಂತ ಯಾಕೆ ಬಂತು ಎನ್ನುವುದು ಮುಖ್ಯ. ಕ್ಯಾಲ್ಸಿಯಂ ಇಳಿದು ಬಂದದ್ದಕ್ಕೂ, ಹೆರಿಗೆಯಲ್ಲಿ ಉಸಿರುಗಟ್ಟಿ ಮಿದುಳಿಗೆ ಪೆಟ್ಟಾಗಿ ಬಂದದ್ದಕ್ಕೂ ಅಜಗಜಾಂತರ. ಫಿಟ್ಸ್ ಇಲ್ಲದ ಹೊತ್ತಿನ ಇಇಜಿಯಲ್ಲಿ ಕಾಣುವ ಮಿದುಳಿನ ವಿದ್ಯುತ್ ಅಲೆಗಳೂ ಎಂಆರ್‌ಐಯೂ ಸರಿಯಿದ್ದರೆ ಧೈರ್ಯ ಜಾಸ್ತಿ, ಖಾತ್ರಿ ಮಾತ್ರ ಯಾರೂ ಕೊಡಲಾರರು.

‘ಏನೂ ಆಗುವುದಿಲ್ಲ ಬಿಡಿ’ ಎಂಬ ಸಲೀಸು ಮಾತು ಆಡಲಿಲ್ಲವಲ್ಲ, ಅದಕ್ಕೇ ನಿಮ್ಮನ್ನು ನಂಬಿದೆವು. ಕುತ್ತಿಗೆ ನಿಲ್ಲುವುದು, ಕಣ್ಣು ಹಾಯಿಸುವುದು, ಕೂರುವುದು ನೋಡುತ್ತಿರಿ, ತಪಾಸಣೆ ತಪ್ಪಿಸಬೇಡಿ ಎಂದು ಮದ್ದಿನ ಚೀಟಿಯ ಹಿಂದೆ ಬರೆದೂ ಕೊಟ್ಟಿರಿ. ಹೆಸರು ಕೇಳಬೇಕೆನ್ನುವಾಗ ನಿಮ್ಮ ಪಾಳಿ ಮುಗಿದಿತ್ತು. ದೊಡ್ಡ ಉಪಕಾರವಾಯಿತು, ಸಿಸ್ಟರ್.