ಒಬ್ಬನೇ ಓಡಬೇಕಾಗಿ ಬಂದ ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯಾ,

ಜೊತೆಗೆ ಓಡುತ್ತಿದ್ದವನು ಬೇರೆ ಊರಿಗೆ ಹೋದ, ಎರಡು ತಿಂಗಳಿಂದ ಶೂ ಮೂಲೆ ಸೇರಿವೆ, ‘ನನಗೆ ಮನೋಬಲವೇ ಇಲ್ಲ’ ಎಂದು ಬರೆದಿದ್ದೀಯ. ಮನೋಬಲದ ಮಾತು ಬಿಡು. ಅವನಿಂದ ನಿನಗೆ ಸಿಗುತ್ತಿದ್ದದ್ದು ಹುಮ್ಮಸ್ಸಿಗಿಂತ ಹೆಚ್ಚಾಗಿ ಮೂರು ಸಣ್ಣ ಅನುಕೂಲ. ಎಷ್ಟು ಗಂಟೆಗೆ ಹೊರಡಬೇಕೆಂದು ನೀನು ಯೋಚಿಸಬೇಕಿರಲಿಲ್ಲ. ಹರಟುತ್ತಾ ಓಡುತ್ತಿದ್ದುದರಿಂದ ವೇಗ ತಾನಾಗಿಯೇ ಹದದಲ್ಲಿರುತ್ತಿತ್ತು. ಬಾರದ ದಿನ ‘ಯಾಕೋ ಬರಲಿಲ್ಲ’ ಎಂದು ಕೇಳುವವನೊಬ್ಬ ಇದ್ದ. ಈ ಮೂರಕ್ಕೂ ಈಗ ನೀನೇ ಏರ್ಪಾಡು ಮಾಡಿಕೊಳ್ಳಬೇಕು, ಅಷ್ಟೇ.

ಮೊದಲು ವೇಗದ ವಿಷಯ. ಒಬ್ಬರೇ ಓಡುವವರು ಬೇಸತ್ತು ಬಿಡುವುದು ಸೋಮಾರಿತನಕ್ಕೆ ಎಂದುಕೊಳ್ಳುತ್ತಾರೆ. ನನ್ನ ಲೆಕ್ಕದಲ್ಲಿ ಮುಕ್ಕಾಲು ಪಾಲು ತಪ್ಪು ವೇಗದ್ದು. ಪಕ್ಕದಲ್ಲಿ ಮಾತಿಲ್ಲ, ಕೈಯಲ್ಲಿ ವಾಚು ಇದೆ, ಕಾಲು ಗೊತ್ತಿಲ್ಲದೆ ಬಿರುಸಾಗುತ್ತದೆ. ಓಟ ಶುರುವಾದ ಕೂಡಲೇ ಸ್ನಾಯುಗಳಿಗೆ ಹೆಚ್ಚು ಆಮ್ಲಜನಕ ಬೇಕು. ಹೃದಯ, ಶ್ವಾಸಕೋಶ ಆ ಬೇಡಿಕೆಗೆ ಹೊಂದಿಕೊಳ್ಳಲು ಎರಡು ಮೂರು ನಿಮಿಷ ಹಿಡಿಯುತ್ತದೆ. ನಡುವಿನ ಕೊರತೆಯನ್ನು ಸ್ನಾಯುಗಳು ತಮ್ಮೊಳಗಿನ ದಾಸ್ತಾನಿನಿಂದ ನೀಗಿಸಿಕೊಳ್ಳುತ್ತವೆ. ಬಿರುಸಾಗಿ ಶುರು ಮಾಡಿದಷ್ಟೂ ಕೊರತೆ ದೊಡ್ಡದು. ಐದನೇ ನಿಮಿಷಕ್ಕೇ ಏದುಸಿರು, ‘ಇವತ್ತು ಆಗಲ್ಲ ಬಿಡು’ ಎಂಬ ಮಾತು. ಮರುದಿನ ನೆನಪಾಗುವುದು ಆ ಏದುಸಿರೇ. ಹಾಸಿಗೆ ಬಿಟ್ಟೇಳದಿರಲು ಅಷ್ಟು ಸಾಕು.

ಆದ್ದರಿಂದ ಮೊದಲ ಐದು ನಿಮಿಷ ಬಿರುನಡಿಗೆ. ಆಮೇಲಿನ ಐದು ನಿಮಿಷ, ನೋಡಿದವರು ನಕ್ಕರೂ ನಗಲಿ ಎನ್ನುವಷ್ಟು ನಿಧಾನದ ಓಟ. ಹದ ನೋಡಲು ಯಂತ್ರ ಬೇಡ: ಹತ್ತು ಹನ್ನೆರಡು ಪದಗಳ ಒಂದು ವಾಕ್ಯವನ್ನು ಗಟ್ಟಿಯಾಗಿ ಹೇಳು. ನಡುವೆ ಉಸಿರಿಗಾಗಿ ನಿಲ್ಲಿಸಬೇಕಾಯಿತೇ, ವೇಗ ಹೆಚ್ಚಾಯಿತು. ಆರಾಮಾಗಿ ಹಾಡು ಹೇಳಲು ಬರುತ್ತಿದೆಯೇ, ಸ್ವಲ್ಪ ಏರಿಸಬಹುದು. ದಾರಿಯಲ್ಲಿ ಒಬ್ಬನೇ ಮಾತಾಡಿಕೊಂಡರೆ ಜನ ಏನೆಂದುಕೊಳ್ಳುತ್ತಾರೋ ಎಂಬ ಚಿಂತೆ ಬೇಡ, ಫೋನಿನಲ್ಲಿದ್ದಾನೆ ಎಂದುಕೊಳ್ಳುತ್ತಾರೆ.

ಈ ಹತ್ತು ನಿಮಿಷ ಮುಗಿಯುವ ತನಕ ಬಿಡುವ ತೀರ್ಮಾನ ಮಾಡಬೇಡ. ಮುಗಿದ ಮೇಲೂ ಮನಸ್ಸು ಒಲ್ಲೆ ಎಂದರೆ ಮನೆಗೆ ತಿರುಗು, ಅದನ್ನೂ ಒಂದು ಓಟವೆಂದೇ ಬರೆದುಕೋ. ಜ್ವರ ಇದ್ದ ದಿನ ಮಾತ್ರ ಶೂ ಮುಟ್ಟುವುದೇ ಬೇಡ. ಎದೆಯಲ್ಲಿ ನೋವೋ ತಲೆಸುತ್ತೋ ಬಂದರೆ ಅಲ್ಲೇ ನಿಲ್ಲು, ವೈದ್ಯರನ್ನು ಕಾಣು.

ಜೊತೆಯಲ್ಲಿ ಓಡುತ್ತಿದ್ದಾಗಿನ ವೇಗವನ್ನು ಈಗಿನದಕ್ಕೆ ಹೋಲಿಸಿ ಕೊರಗಬೇಡ. ಪಕ್ಕದಲ್ಲಿ ಇನ್ನೊಬ್ಬರಿದ್ದರೆ ಸೈಕಲ್ ಸವಾರರು ಹೆಚ್ಚು ವೇಗವಾಗಿ ಹೋಗುತ್ತಾರೆ ಎಂದು ಅಮೆರಿಕದ ಮನೋವಿಜ್ಞಾನಿ ನಾರ್ಮನ್ ಟ್ರಿಪ್ಲೆಟ್ 1898ರಲ್ಲೇ ಬರೆದಿದ್ದ. 2019ರಲ್ಲಿ ವಿಯೆನ್ನಾದಲ್ಲಿ ಕೆನ್ಯಾದ ಓಟಗಾರ ಎಲಿಯುಡ್ ಕಿಪ್ಚೊಗೆ ಮ್ಯಾರಥಾನ್ ದೂರವನ್ನು 1 ಗಂಟೆ 59 ನಿಮಿಷ 40 ಸೆಕೆಂಡುಗಳಲ್ಲಿ ಮುಗಿಸಿದಾಗ ಸರದಿಯಂತೆ ಅವನ ಸುತ್ತ ಓಡಲು 41 ಜನರಿದ್ದರು. ನೀನೊಬ್ಬನೇ ಕಿಲೋಮೀಟರಿಗೆ ಅರ್ಧ ನಿಮಿಷ ಹಿಂದೆ ಬಿದ್ದರೆ ಅದು ಸಹಜ.

ಎರಡು ತಿಂಗಳು ಬಿಟ್ಟವನು ಹಳೆಯ ದೂರಕ್ಕೇ ನೇರ ಹೋಗಬಾರದು. ವಾರಕ್ಕೆ ಮೂರು ದಿನ ಸಾಕು, ನಡುವೆ ಒಂದೊಂದು ದಿನ ಬಿಡುವು ಇರಲಿ. ಬಿರುನಡಿಗೆ ಮುಗಿದ ಮೇಲೆ, ಸದ್ಯಕ್ಕೆ ಐದು ನಿಮಿಷ ಒಂದೇ ಸಮನೆ ಓಡುವ ಬದಲು, ಮೊದಲ ವಾರ ಎರಡು ನಿಮಿಷ ಓಟ, ಒಂದು ನಿಮಿಷ ನಡಿಗೆ, ಹೀಗೆ ಎಂಟು ಬಾರಿ. ಎರಡನೇ ವಾರ ಮೂರು ನಿಮಿಷ ಓಟ, ಒಂದು ನಿಮಿಷ ನಡಿಗೆ, ಆರು ಬಾರಿ. ಮೂರನೇ ವಾರ ಐದು ಮತ್ತು ಒಂದು, ನಾಲ್ಕು ಬಾರಿ. ಮೂರು ವಾರವೂ ಒಟ್ಟು 24 ನಿಮಿಷವೇ. ಅದರೊಳಗಿನ ಓಟ ಮಾತ್ರ 16ರಿಂದ 18ಕ್ಕೆ, 18ರಿಂದ 20ಕ್ಕೆ ಏರುತ್ತದೆ. ಯಾವ ವಾರವಾದರೂ ಕಷ್ಟವೆನಿಸಿದರೆ ಅದನ್ನೇ ಇನ್ನೊಮ್ಮೆ ಮಾಡು.

ನಿಜವಾದ ಅಪಾಯ ಇರುವುದು ಮೂರನೇ ವಾರದಲ್ಲಿ. ಅಷ್ಟರಲ್ಲಿ ಉಸಿರು ಸುಧಾರಿಸಿರುತ್ತದೆ, ಇನ್ನೂ ಓಡಬಹುದು ಎನಿಸುತ್ತದೆ. ಆದರೆ ಸ್ನಾಯುವನ್ನು ಎಲುಬಿಗೆ ಬಿಗಿಯುವ ಸ್ನಾಯುರಜ್ಜು, ಎಲುಬು ಗಟ್ಟಿಯಾಗಲು ಅದಕ್ಕಿಂತ ಎಷ್ಟೋ ಹೆಚ್ಚು ದಿನ ಬೇಕು. ಜೊತೆಗಾರನಿದ್ದರೆ ತಡೆಯುತ್ತಿದ್ದ, ಈಗ ಯಾರೂ ಇಲ್ಲ. ಮೊಣಕಾಲಿನ ಕೆಳಗೆ, ಮುಂದಿನ ಎಲುಬಿನ ಒಳಅಂಚಿನಲ್ಲಿ ಉದ್ದಕ್ಕೂ ನೋವು ಕಾಣಿಸಿಕೊಂಡು, ಮೈ ಬಿಸಿಯಾದ ಮೇಲೆ ಕಡಿಮೆಯಾಗುತ್ತಿದ್ದರೆ ಓಟ ಅರ್ಧಕ್ಕಿಳಿಸು. ಬೆರಳಿಟ್ಟು ಒತ್ತಿದಾಗ ಒಂದೇ ಜಾಗದಲ್ಲಿ ಚುಚ್ಚಿದಂತಾದರೆ ಓಟ ನಿಲ್ಲಿಸಿ ತೋರಿಸಿಕೋ, ಎಲುಬಿನಲ್ಲಿ ಸಣ್ಣ ಬಿರುಕಿರಬಹುದು. ಸವೆದ ಶೂ ಕೂಡ ಹೀಗೆ ಕಾಡುವುದುಂಟು. ಒಂದು ಜೊತೆ ಸುಮಾರು 500ರಿಂದ 800 ಕಿಲೋಮೀಟರ್ ಬಾಳುತ್ತದೆ. ಹೊಸತು ಕೊಳ್ಳುವಾಗ ಸಂಜೆ ಹೋಗು, ಆಗ ಪಾದ ಸ್ವಲ್ಪ ಊದಿರುತ್ತದೆ; ಉದ್ದನೆಯ ಬೆರಳಿನ ಮುಂದೆ ಒಂದು ಹೆಬ್ಬೆರಳಗಲ ಜಾಗ ಇರಬೇಕು.

ಇನ್ನು ಹೊರಡುವ ಸಮಯ. ‘ನಾಳೆ ಬೆಳಿಗ್ಗೆ ಓಡುತ್ತೇನೆ’ ಎಂಬುದು ಆಸೆ, ಏರ್ಪಾಡಲ್ಲ. ‘ಹಲ್ಲುಜ್ಜಿದ ಕೂಡಲೇ ಶೂ ಕಟ್ಟುತ್ತೇನೆ’ ಎಂದುಕೊಂಡರೆ ಈಗಾಗಲೇ ತಪ್ಪದೆ ಮಾಡುವ ಒಂದು ಕೆಲಸಕ್ಕೆ ಓಟವನ್ನು ಗಂಟು ಹಾಕಿದಂತಾಯಿತು. ಹಿಂದಿನ ರಾತ್ರಿಯೇ ಬಟ್ಟೆ ತೆಗೆದಿಡು, ಕಾಲುಚೀಲ ಶೂ ಒಳಗಿರಲಿ, ಕೀಲಿ ಅದರ ಪಕ್ಕದಲ್ಲಿರಲಿ. ಯಾವ ದಾರಿ, ಎಷ್ಟು ನಿಮಿಷ ಎಂಬುದೂ ರಾತ್ರಿಯೇ ತೀರ್ಮಾನವಾಗಿರಲಿ. ನಿದ್ದೆಗಣ್ಣಿನಲ್ಲಿ ಮಾಡುವ ತೀರ್ಮಾನವೆಲ್ಲ ಹಾಸಿಗೆಯ ಕಡೆಗೇ. ಶೂ ಕಟ್ಟುವ ಮುಂಚೆ ಫೋನ್ ತೆರೆಯಬೇಡ, ಇದರ ಬಗ್ಗೆ ಹೆಚ್ಚು ಹೇಳಬೇಕಿಲ್ಲ.

ದಾರಿಯ ಆಯ್ಕೆಯಲ್ಲೂ ಒಂದು ಗುಟ್ಟಿದೆ. ಮನೆಯ ಸುತ್ತಲೇ ಸುತ್ತು ಹಾಕಬೇಡ. ಪ್ರತಿ ಸುತ್ತಿಗೂ ನಿನ್ನ ಬಾಗಿಲು ಎದುರಾಗುತ್ತದೆ, ಪ್ರತಿ ಸಲವೂ ‘ಸಾಕಾ?’ ಎಂಬ ಪ್ರಶ್ನೆ ಏಳುತ್ತದೆ. ಒಂದೇ ದಿಕ್ಕಿಗೆ 12 ನಿಮಿಷ ಹೋಗಿ ತಿರುಗು. ಆಮೇಲೆ ಓಡಿದರೂ ನಡೆದರೂ ಮನೆ ಸೇರಲೇಬೇಕು, ನಡೆಯುವುದಕ್ಕಿಂತ ಓಡಿದರೆ ಬೇಗ.

ಅಭ್ಯಾಸವಾಗಲು 21 ದಿನ ಸಾಕು ಎಂಬ ಮಾತನ್ನು ನಂಬಿ ಕೂರಬೇಡ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪಾ ಲ್ಯಾಲಿ ಮತ್ತು ಸಂಗಡಿಗರ ಅಧ್ಯಯನದಲ್ಲಿ ಒಂದು ಕೆಲಸ ತಾನಾಗಿ ನಡೆಯುವಂತಾಗಲು ಸರಾಸರಿ 66 ದಿನ ಬೇಕಾಯಿತು. ಒಬ್ಬೊಬ್ಬರಿಗೆ ಒಂದೊಂದು ಬಗೆ, 18ರಿಂದ 254 ದಿನಗಳವರೆಗೆ. ನಡುವೆ ಒಂದು ದಿನ ತಪ್ಪಿದರೆ ದೊಡ್ಡ ನಷ್ಟವಿಲ್ಲ ಎಂದೂ ಅದರಲ್ಲಿ ಕಂಡಿತು. ಅದಕ್ಕೇ ಸತತ ಇಷ್ಟು ದಿನ ಎಂದು ಎಣಿಸುವ ಆ್ಯಪುಗಳು ನನಗೆ ಹಿಡಿಸುವುದಿಲ್ಲ. ಎಣಿಕೆ ಮುರಿದ ದಿನ ಓಟವೂ ಮುರಿಯುತ್ತದೆ. ಒಂದು ಸರದಿ ತಪ್ಪಿದರೆ ತಪ್ಪಲಿ, ಮುಂದಿನ ಸರದಿಗೆ ಹತ್ತೇ ನಿಮಿಷವಾದರೂ ಹೊರಗೆ ಹೋಗು.

ಬೇಜಾರು ಕಳೆಯಲು ಇಷ್ಟದ ಧಾರಾವಾಹಿ ಕಥೆಯನ್ನೋ ಪಾಡ್‌ಕಾಸ್ಟನ್ನೋ ಓಡುವಾಗ ಮಾತ್ರ ಕೇಳು, ಮನೆಯಲ್ಲಿ ಕೇಳಬೇಡ. ಮುಂದೇನಾಯಿತೆಂಬ ಕುತೂಹಲವೇ ಹೊರಗೆಳೆಯುತ್ತದೆ. ಆದರೆ ಒಂದು ಕಿವಿ ಖಾಲಿ ಇರಲಿ, ದಾರಿಯ ಸದ್ದು ಕೇಳಬೇಕು. ಆರೆಂಟು ವಾರ ಕಳೆದ ಮೇಲೆ ವಾರಕ್ಕೊಂದು ದಿನ ಈ ಆಟ ಆಡು: ಒಂದು ದೀಪದ ಕಂಬದಿಂದ ಮುಂದಿನದಕ್ಕೆ ಬಿರುಸು, ಅಲ್ಲಿಂದ ಎರಡು ಕಂಬ ನಿಧಾನ. ಹೊಟ್ಟೆತುಂಬ ಉಂಡಿದ್ದರೆ ಎರಡು ಮೂರು ಗಂಟೆ ಬಿಟ್ಟು ಓಡು. ಪಕ್ಕೆ ಹಿಡಿದುಕೊಂಡರೆ ವೇಗ ಇಳಿಸಿ, ನೋಯುವ ಜಾಗ ಒತ್ತಿಹಿಡಿದು ಉಸಿರನ್ನು ಉದ್ದಕ್ಕೆ ಬಿಡು.

ಕೊನೆಗೆ ಕೇಳುವವರ ವಿಷಯ. ‘ನಾಳೆಯಿಂದ ಓಡುತ್ತೇನೆ’ ಎಂದು ಹತ್ತು ಜನರೆದುರು ಸಾರಬೇಡ. ಆಗ ಸಿಗುವ ಶಹಬ್ಬಾಸ್‌ಗಿರಿಯಲ್ಲೇ ಅರ್ಧ ತೃಪ್ತಿ ಮುಗಿದುಹೋಗುತ್ತದೆ. ಒಬ್ಬರಿಗೆ ಮಾತ್ರ ಎರಡು ಸಂದೇಶ: ಹೊರಡುವಾಗ ದಾರಿಯ ಹೆಸರಿನೊಂದಿಗೆ ‘ಹೊರಟೆ’, ಮುಗಿದ ಮೇಲೆ ‘ಬಂದೆ’. ಒಬ್ಬನೇ ಓಡುವವನಿಗೆ ಸುರಕ್ಷತೆಯ ದೃಷ್ಟಿಯಿಂದಲೂ ಇದು ಬೇಕೇ ಬೇಕು. ಹೆಸರು, ರಕ್ತದ ಗುಂಪು, ಮನೆಯವರ ನಂಬರ್ ಬರೆದ ಚೀಟಿ ಜೇಬಿನಲ್ಲಿರಲಿ. ಕಾಲುದಾರಿ ಇಲ್ಲದ ಕಡೆ ವಾಹನಗಳು ಎದುರಿಗೆ ಬರುವ ಬದಿಯಲ್ಲೇ ಓಡು, ಕತ್ತಲಿದ್ದರೆ ಬೆಳಕಿಗೆ ಹೊಳೆಯುವ ಪಟ್ಟಿ ಧರಿಸು. ಗೋಡೆಯ ಕ್ಯಾಲೆಂಡರಿನಲ್ಲಿ ಆ ದಿನದ ನಿಮಿಷ, ಹೇಗಿತ್ತೆಂದು ಒಂದೇ ಪದ: ‘ಹಗುರ’, ‘ಭಾರ’, ‘ಪರವಾಗಿಲ್ಲ’. ವೇಗ ಬರೆಯಬೇಡ. ಸತತ ಮೂರು ಬಾರಿ ‘ಭಾರ’ ಬಿದ್ದರೆ ಮನಸ್ಸನ್ನು ಬೈಯುವ ಮುಂಚೆ ನಿದ್ದೆ ಎಷ್ಟಾಗುತ್ತಿದೆ ನೋಡು.

ಆ ಎರಡು ಸಂದೇಶ ಕಳಿಸಲು ಬೇರೆ ಯಾರೂ ಸಿಗದಿದ್ದರೆ ನನಗೇ ಕಳಿಸು. ವಾರದ ಮೂರು ದಿನ ಯಾವುವು, ಎಷ್ಟು ಗಂಟೆಗೆ ಎಂದು ಮೊದಲೇ ಬರೆದು ತಿಳಿಸು. ‘ಬಂದೆ’ ಬರುವುದು ಹೇಳಿದ ಹೊತ್ತಿಗಿಂತ ಅರ್ಧ ಗಂಟೆ ತಡವಾದರೆ ಫೋನ್ ಮಾಡುತ್ತೇನೆ. ‘ಹೊರಟೆ’ಯೇ ಬರದಿದ್ದರೂ ಮಾಡುತ್ತೇನೆ.

ನಿನ್ನ,
ಗೆಳೆಯ