ಮುತ್ತಜ್ಜಿಯ ಪಾಲಿನ ಪುಟಗಳು

ಚಿರಂಜೀವಿ ಮಗಳಿಗೆ ದೊಡ್ಡಪ್ಪನು ಮಾಡುವ ಆಶೀರ್ವಾದಗಳು. ಇಲ್ಲಿ ಎಲ್ಲರೂ ಕ್ಷೇಮ.

ನೀನು ಬರೆದು ಕಳುಹಿಸಿದ ಮನೆತನದ ಚರಿತ್ರೆಯನ್ನು ಸಾವಧಾನವಾಗಿ ಓದಿದೆ. ಈ ಕೆಲಸಕ್ಕೆ ನಮ್ಮ ಮನೆಯಲ್ಲಿ ಒಬ್ಬರಾದರೂ ಕೈಹಾಕಿದರಲ್ಲ ಎಂದು ಮನಸ್ಸು ತುಂಬಿ ಬಂತು. ಆದರೆ ನಿನ್ನ ಬರಹದಲ್ಲಿ ಮುತ್ತಾತನಿಗೆ ಪುಟಗಟ್ಟಲೆ ಜಾಗವಿದೆ, ಮುತ್ತಜ್ಜಿಗೆ ಮದುವೆ ಮತ್ತು ಮಕ್ಕಳನ್ನು ಹೇಳುವ ಎರಡು ಸಾಲುಗಳಷ್ಟೇ ಇವೆ. ಇದು ನಿನ್ನ ಅಲಕ್ಷ್ಯವಲ್ಲ. ನೀನು ನೋಡಿದ ಕ್ರಯಪತ್ರ, ಕಂದಾಯದ ರಸೀದಿ, ಖಾತೆ ಎಲ್ಲದರಲ್ಲಿಯೂ ಇರುವುದು ಗಂಡಸರ ಹೆಸರು. ಮೈಸೂರು ಸಂಸ್ಥಾನದಲ್ಲಿ ಹಿಂದೂ ಸ್ತ್ರೀಯರ ಹಕ್ಕುಗಳ ಕಾಯಿದೆ ಬಂದದ್ದೇ 1933ರಲ್ಲಿ; ಅದು ಬಂದ ಮೇಲೆಯೂ ನಮ್ಮಂಥ ಒಕ್ಕಲು ಮನೆಗಳ ಪತ್ರಗಳಲ್ಲಿ ಹೆಂಗಸರ ಹೆಸರು ಕಾಣಿಸಿಕೊಳ್ಳಲು ಬಹಳ ಕಾಲ ಹಿಡಿಯಿತು. ಕಾಗದವನ್ನಷ್ಟೇ ನಂಬಿ ಬರೆದರೆ ಅರ್ಧ ಸಂಸಾರ ಹೊರಗುಳಿಯುತ್ತದೆ.

ಕನ್ನಂಬಾಡಿಯ ಕಟ್ಟೆ ಕೆಲಸ 1911ರಲ್ಲಿ ಶುರುವಾಯಿತಾದರೂ ನಾಲೆಯ ನೀರು ಮಂಡ್ಯದ ಬಯಲಿಗೆ ಹರಿದದ್ದು 1930ರ ದಶಕದ ಆರಂಭದಲ್ಲಿ. ಅಲ್ಲಿಯವರೆಗೆ ನಮ್ಮ ಹೊಲಗಳು ಮಳೆಯನ್ನೇ ನಂಬಿದ್ದವು. ಬೆಳೆಯೆಂದರೆ ರಾಗಿ, ಅದರ ನಡುವೆ ಅಕ್ಕಡಿ ಸಾಲಿನಲ್ಲಿ ಅವರೆ, ಜೋಳ, ಹುಚ್ಚೆಳ್ಳು. ಮುತ್ತಾತ ಎತ್ತು ಕಟ್ಟಿ ಬಿತ್ತನೆಯ ಕೂರಿಗೆ ಹೊಡೆಯುತ್ತಿದ್ದರೆ ಅದರ ಹಿಂದೆಯೇ ಬೀಜ ಬಿಡುವ ಕೊಳವೆಯಾದ ಸಡ್ಡೆ ಹಿಡಿದು ಅಕ್ಕಡಿಯ ಬೀಜ ಬಿಡುತ್ತಿದ್ದವರು ಮುತ್ತಜ್ಜಿ. ನೀನು "ಮುತ್ತಾತ ಬಿತ್ತಿದರು" ಎಂದು ಬರೆದಿರುವೆಡೆಯಲ್ಲೆಲ್ಲ "ಇಬ್ಬರೂ ಬಿತ್ತಿದರು" ಎಂದಿರಬೇಕು. ಮುಂದಿನ ವರ್ಷಕ್ಕೆ ಯಾವ ತೆನೆಯನ್ನು ಬೀಜಕ್ಕೆ ಆರಿಸಬೇಕು, ಅದನ್ನು ಬೂದಿ ಬೆರೆಸಿ ಹೇಗೆ ಇಡಬೇಕು ಎಂಬುದು ಪೂರ್ತಿಯಾಗಿ ಮುತ್ತಜ್ಜಿಯ ತೀರ್ಮಾನವಾಗಿತ್ತು. ಹಗೇವಿನ ಲೆಕ್ಕವೂ ಅವರದೇ. ನೆಲದೊಳಗಿನ ಆ ಕಣಜದಲ್ಲಿ ರಾಗಿ ವರ್ಷಗಟ್ಟಲೆ ಕೆಡದೆ ಇರುತ್ತಿತ್ತು. ಬಾಯಿ ತೆಗೆದೊಡನೆ ಒಳಗಿಳಿದರೆ ಕೆಟ್ಟ ಗಾಳಿಯಿಂದ ಪ್ರಾಣಕ್ಕೇ ಅಪಾಯವೆಂದು ಮೊದಲು ದೀಪ ಇಳಿಬಿಟ್ಟು ನೋಡುತ್ತಿದ್ದರು. ಯಾವಾಗ ತೆಗೆಯಬೇಕು, ಎಷ್ಟು ಉಣ್ಣಬೇಕು, ಕೇಳಿ ಬಂದ ನೆಂಟರಿಗೆ ಎಷ್ಟು ಅಳೆದು ಕೊಡಬೇಕು ಎಂಬುದನ್ನು ಅವರನ್ನು ಕೇಳದೆ ಮುತ್ತಾತ ಮಾಡುತ್ತಿರಲಿಲ್ಲವೆಂದು ನನ್ನ ತಾಯಿ ಹೇಳುತ್ತಿದ್ದರು. 1918ರ ಇನ್‌ಫ್ಲುಯೆಂಜಾ ಊರೂರನ್ನೇ ಮಲಗಿಸಿದಾಗ, ಕೊಯ್ಲಿಗೆ ಆಳು ಸಿಗದ ಆ ವರ್ಷ ಮನೆಯನ್ನು ಉಳಿಸಿದ್ದು ಹಳೆಯ ರಾಗಿ.

ನಾಲೆ ಬಂದ ಮೇಲಿನ ಭಾಗವನ್ನು ನೀನು ಬರಿಯ ಏಳಿಗೆಯ ಕಥೆಯಾಗಿ ಬರೆದಿದ್ದೀಯೆ. ಭತ್ತ, ಕಬ್ಬು ಬಂದವು, 1933ರಲ್ಲಿ ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆ ಸ್ಥಾಪನೆಯಾಯಿತು, ಹಂಚಿನ ಮನೆ ಎದ್ದಿತು, ಇದೆಲ್ಲ ನಿಜ. ಆದರೆ ಕಬ್ಬಿನ ಹಣ ನೇರವಾಗಿ ಯಜಮಾನನ ಕೈಗೆ ಬರುತ್ತಿತ್ತು, ಹಗೇವಿನ ರಾಗಿಯ ಹಾಗೆ ಅದು ಮನೆಯೊಡತಿಯ ಅಳತೆಗೆ ಸಿಗುತ್ತಿರಲಿಲ್ಲ. ಮನೆ ಶ್ರೀಮಂತವಾದ ಕಾಲದಲ್ಲಿಯೇ ಮುತ್ತಜ್ಜಿಯ ಮಾತು ಸಣ್ಣದಾಯಿತೆಂದು ನನಗೆ ಅನ್ನಿಸುತ್ತದೆ. ನಿನಗೂ ವಿಚಾರಿಸಿದ ಮೇಲೆ ಹಾಗೆಯೇ ತೋರಿದರೆ ಅಂಜದೆ ಬರೆ. ಮುತ್ತಾತನ ಗೌರವಕ್ಕೆ ಅದರಿಂದ ಕುಂದಿಲ್ಲ.

ಇನ್ನೊಂದು ಮಾತು. ನಮ್ಮ ಪೂರ್ವಿಕರು ಪಾಳೆಯಗಾರರ ಸೈನ್ಯದಲ್ಲಿದ್ದರು ಎಂಬ ವಾಕ್ಯಕ್ಕೆ ಆಧಾರವಿಲ್ಲ. ಯಾರೋ ಹಬ್ಬದ ಊಟದಲ್ಲಿ ಆಡಿದ ಮಾತು ಅದು, ತೆಗೆದುಹಾಕು. ಹೊಲ ಉತ್ತು ಬದುಕಿದವರಿಗೆ ಬೇರೆ ಹಿರಿಮೆ ಬೇಡ.

ಹೆಳವರು ಬಂದಾಗ ತಪ್ಪದೆ ಕುಳಿತು ಕೇಳು. ಎತ್ತಿನ ಮೇಲೆ ಬಂದು ವಂಶಾವಳಿ ಓದಿ ಕಾಳು ಪಡೆದು ಹೋಗುತ್ತಿದ್ದವರ ಪುಸ್ತಕಗಳಲ್ಲಿ ನಮ್ಮ ಕುಲದ ಹಿಂದಿನ ತಲೆಮಾರುಗಳು ಸಿಗುತ್ತವೆ. ಅಲ್ಲಿಯೂ ಗಂಡು ಸಂತಾನವೇ ಮುಂದಾಗಿರುತ್ತದೆ. ಆದ್ದರಿಂದ ಮುತ್ತಜ್ಜಿಯ ತವರಿನ ಹೆಳವರು ಯಾರೆಂದು ವಿಚಾರಿಸಿ ಅವರ ಪುಸ್ತಕವನ್ನೂ ನೋಡಬೇಕು. ಮದುವೆಗೆ ಹೆಣ್ಣಿನ ಕಡೆಯವರಿಗೆ ತೆರ ಎಷ್ಟು ಕೊಟ್ಟರು, ಯಾವ ಒಡವೆ ತಂದರು, ಅವುಗಳಲ್ಲಿ ಯಾವುದು ಸಾಹುಕಾರನ ಮನೆ ಸೇರಿತು ಎಂಬ ಸಂಗತಿಗಳು ತವರಿನವರ ಬಾಯಲ್ಲಿ ಹೆಚ್ಚು ಉಳಿದಿರುತ್ತವೆ. ಕೇಳಿದ್ದನ್ನು ಯಾರು ಹೇಳಿದರು ಎಂದು ಪಕ್ಕದಲ್ಲಿಯೇ ಬರೆದುಕೋ. ಇಬ್ಬರು ಎರಡು ರೀತಿ ಹೇಳಿದರೆ ಎರಡನ್ನೂ ಉಳಿಸು.

ಎಲ್ಲಕ್ಕೂ ಮೊದಲು ನಿನ್ನ ದೊಡ್ಡತ್ತೆಯನ್ನು ಕಾಣು. ಮುತ್ತಜ್ಜಿಯ ಕೊನೆಯ ವರ್ಷಗಳಲ್ಲಿ ಪಕ್ಕದಲ್ಲಿ ಮಲಗುತ್ತಿದ್ದವಳು ಅವಳೊಬ್ಬಳೇ. ಬೆಳಗಿನ ಹೊತ್ತು ಹೋಗು, ಮಧ್ಯಾಹ್ನದ ಮೇಲೆ ಅವಳಿಗೆ ಆಯಾಸವಾಗುತ್ತದೆ. ಬರುವ ದಿನವನ್ನು ಮುಂಚಿತವಾಗಿ ತಿಳಿಸಿದರೆ ಹಳೆಯ ಪತ್ರಗಳ ಪೆಟ್ಟಿಗೆಯನ್ನು ನಾನು ತೆಗೆದಿಟ್ಟಿರುತ್ತೇನೆ.

ಇಂತಿ ನಿನ್ನ ಶ್ರೇಯಸ್ಸನ್ನು ಬಯಸುವ,
ದೊಡ್ಡಪ್ಪ